ಉಂಗುರದ ಅಲೆಗಳು

ಪ್ರಯೋಗಾಲಯದ ಪರದೆಯ ಮೇಲೆ ಅಲೆಗಳು ಮೂಡುತ್ತಲೇ ಇದ್ದವು. ಪ್ರೊಫೆಸರು ಕುರ್ಚಿ ಎಳೆದುಕೊಂಡು ತಮ್ಮ ಸಂಶೋಧನಾ ವಿದ್ಯಾರ್ಥಿನಿಯ ಪಕ್ಕ ಕೂತರು.

"ನೋಡಮ್ಮ ಶಾಂಭವಿ, ಎಷ್ಟು ನೋಡಿದ್ರೂ ಸಾಲದು. ಯಂತ್ರದೊಳಗಿನ ಸಿಲಿಕಾನ್ ಚಿಪ್ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಂಗುರ. ಒಂದೇ ಎಲೆಕ್ಟ್ರಾನು ಅದರ ಎರಡೂ ಕಡೆಯಿಂದ ಹೋಗಿ, ಕೊನೇಲಿ ತನ್ನನ್ನೇ ತಾನು ಸೇರ್ಕೊಳ್ಳುತ್ತೆ. ಅದಕ್ಕೇ ಈ ಅಲೆ."

"ಹೌದು ಸರ್."

"ನಾಳೆ ವೈವಾದಲ್ಲಿ ಮೊದಲು ಇದನ್ನೇ ತೋರ್ಸು. ಪೇಪರ್ ಅಚ್ಚಾಗಿದೆ, ಇನ್ನು ಯಾರೂ ತಕರಾರು ಮಾಡಲ್ಲ. ಅಪ್ಪ ಅಮ್ಮ ಬಂದ್ರಾ?"

"ಬಂದಿದಾರೆ ಸರ್. ಅಮ್ಮ ಎಲ್ರಿಗೂ ಅಂತ ಕೊಬ್ಬರಿ ಮಿಠಾಯಿ ಮಾಡ್ಕೊಂಡು ಬಂದಿದಾರೆ."

"ಮತ್ಯಾಕೆ ಮುಖ ಹೀಗಿದೆ? ನಿದ್ದೆ ಮಾಡಿಲ್ವಾ?"

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೂಲೆಯ ಪಂಪು ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

ಪ್ರೊಫೆಸರು ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದರು. "ಅಲ್ಲಮ್ಮ, ಪೇಪರಲ್ಲಿ ಹಾಕಿದ್ದಕ್ಕಿಂತ ಇವತ್ತಿನ ಅಲೆ ಇನ್ನೂ ಚೆನ್ನಾಗಿದೆ! ಏನು ಬದಲಾಯಿಸ್ದೆ?"

ಶಾಂಭವಿ ಮುಚ್ಚಿಕೊಂಡಿದ್ದ ಅಂಗೈ ಬಿಡಿಸಿದಳು.

"ಚಿಪ್ ಹೊರಗೆ ತೆಗೆದೆ ಸರ್. ಯಂತ್ರದೊಳಗೆ ಈಗ ಬರೀ ತಂತಿ ಇದೆ."