ಮುಳುಗಿದ ಆಕಾಶದ ಹಡಗು

ಬಾಗಿಲು ಬಡಿದ ಸದ್ದಿಗೆ ಇನಾಯತ್ ಊಟದ ನಡುವೆಯೇ ಎದ್ದು ಚಿಲಕ ತೆಗೆದ. ಕತ್ತಲಲ್ಲಿ ತಲೆತುಂಬ ಸೆರಗು ಹೊದ್ದ ಅಪರಿಚಿತ ಮುದುಕಿ. ತಾನು ಯಾರೆಂದೂ ಹೇಳದೆ ಕೇಳಿದಳು:

"ಸಾಬಣ್ಣ, ಆ ಹಡಗದಾಗಿನ ಮಂದಿ ಉಳದಾರೇನು?"

ಇನಾಯತ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಜಗತ್ ಬಯಲಿನ ಬಯಾಸ್ಕೋಪ್ ಡೇರೆಯಲ್ಲಿ ಪರದೆಯ ಪಕ್ಕ ನಿಂತು, ಮೂಕ ಚಿತ್ರದ ಕಥೆಯನ್ನು ಕನ್ನಡ, ದಖ್ಖನಿ ಎರಡರಲ್ಲೂ ಕೂಗಿ ಹೇಳುವುದು ಅವನ ಉದ್ಯೋಗ. ಈಗಿನ ಚಿತ್ರದಲ್ಲಿ ವಿಜ್ಞಾನಿಗಳು ಲೋಹದ ಹಡಗೇರಿ ನಕ್ಷತ್ರಲೋಕಕ್ಕೆ ಹೋಗುತ್ತಿದ್ದರು. ರೋಗಗಳನ್ನು ಅಳಿಸುವ ಬೆಳಕನ್ನು ಹೊತ್ತು ಮರಳುವಾಗ ಹಡಗು ಸಮುದ್ರಕ್ಕೆ ಬಿದ್ದು ಮುಳುಗುತ್ತಿತ್ತು.

"ಇಲ್ಲಮ್ಮ. ಅಲ್ಲಿಗೆ ಖೇಲ್ ಖತಮ್."

ಮುದುಕಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಆಕೆ ಕಮಲಾಪುರದ ಮಾಳಮ್ಮ. ಮಗ ಭಾಗಪ್ಪ ನಿಜಾಮರ ಪಡೆಯ ಕುದುರೆಗಳನ್ನು ನೋಡಿಕೊಳ್ಳಲು ಹಡಗು ಹತ್ತಿ ಯುದ್ಧಕ್ಕೆ ಹೋದವನು, ಆಮೇಲೆ ಸುದ್ದಿಯಿಲ್ಲ. ತುಂಬು ಬಸುರಿ ಸೊಸೆ ಅಮೃತಳ ಮನಸ್ಸು ಹಗುರಾಗಲೆಂದು ಈ ಊರಿನ ಬ್ರಹ್ಮಪುರ ಓಣಿಯ ನೆಂಟರು ಅವಳನ್ನು ನಿನ್ನೆ ಡೇರೆಗೆ ಕರೆದೊಯ್ದಿದ್ದರು. ಹಡಗು ಮುಳುಗಿದ್ದನ್ನು ಕಂಡ ಮೇಲೆ ಅವಳು ಒಂದು ತುತ್ತೂ ಮುಟ್ಟಿರಲಿಲ್ಲ.

"ನಾಳಿ ಆಕಿನ್ನ ಮತ್ತ ಕರ್ಕೊಂಡು ಬರ್ತೀನಿ. ಹಡಗ ಮ್ಯಾಲ ಬಂತು ಅಂತ ಒಂದ್ ಮಾತ್ ಹೇಳಪ್ಪ."

"ಕಣ್ಣೆದುರಿಗೆ ಮುಳುಗಿದ್ದನ್ನ ಬಂತು ಅಂದ್ರ ಮಂದಿ ಡೇರಾ ಕಿತ್ತು ಒಗೀತಾರ. ಪರದ್ಯಾಗ ಕಂಡಷ್ಟೇ ನಾ ಹೇಳಾಂವ."

ಓಣಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದ ಮಾಳಮ್ಮನ ಗಂಡ ಕಾಶಿರಾಯ ಆಗ ಬಾಯಿ ಬಿಟ್ಟ: "ನಡಿ ಇನ್ನ. ಅರಿವಿ ಮ್ಯಾಲಿನ ನೆರಳಿಗಿ ಅಳೋರಿಗಿ ಅನ್ನ ಬ್ಯಾರೆ ಕೇಡು."

ಮರುದಿನ ಸಂಜೆ ಡೇರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೂರಲು ಸ್ಥಳ ಸಿಗದವರು ಹಿಂದೆ, ಹಿಡಿ ತಿರುವಿ ಚಿತ್ರ ಓಡಿಸುವ ಯಂತ್ರದ ಸುತ್ತ ಒತ್ತಿಕೊಂಡು ನಿಂತಿದ್ದರು. ಅಡ್ಡ ಪರದೆಯ ಆಚೆ, ಹೆಂಗಸರ ಸಾಲಿನಲ್ಲಿ ಅಮೃತ ಗೋಡೆಗೊರಗಿದಂತೆ ಅತ್ತೆಗೊರಗಿ ಕುಳಿತಿದ್ದಳು. ಹಡಗು ಬಿತ್ತು. ಕಿಟಕಿಯಲ್ಲಿ ಕೈ ಬೀಸುತ್ತಿದ್ದ ಪ್ರಯಾಣಿಕರ ಮೇಲೆ ನೀರು ಮುಚ್ಚಿಕೊಂಡಿತು. ಇನಾಯತ್‌ನ ಕಣ್ಣು ಹೆಂಗಸರ ಸಾಲಿನತ್ತ ಹೋಯಿತು. 'ಖತಮ್' ಎಂಬ ಮಾತು ಹೊರಡಲಿಲ್ಲ.

ಅಷ್ಟರಲ್ಲಿ ಸಮುದ್ರ ಸೀಳಿತು. ಹಡಗಿನ ಮೂತಿ ಮೇಲೆದ್ದಿತು. ನೀರಿನ ಹನಿಗಳೆಲ್ಲ ಸಮುದ್ರಕ್ಕೆ ಓಡಿ ಸೇರಿಕೊಂಡವು. ಹಡಗು ಆಕಾಶಕ್ಕೆ ನೆಗೆಯಿತು. ಕಿಟಕಿಯಲ್ಲಿ ಅದೇ ಕೈಗಳು ಬೀಸುತ್ತಿದ್ದವು. ಡೇರೆ ಉಸಿರು ಹಿಡಿದು ನೋಡಿತು.

ಪರದೆಯಲ್ಲಿ ಕಂಡಿದ್ದನ್ನು ಹೇಳಬೇಕಾದವನು ಇನಾಯತ್. ಹೇಳಿದ: "ಎದ್ದಾರ! ಎಲ್ಲಾರೂ ಜೀವಂತ ಅದಾರ. ನಾವು ಆರಾಮ ಅದೀವಿ ಅಂತ ಕೈ ಮಾಡಾಕತ್ತಾರ."

ಶಿಳ್ಳೆ, ಚಪ್ಪಾಳೆಗಳಲ್ಲಿ ಡೇರೆ ನಡುಗಿತು. ಅಮೃತ ಬಹಳ ಹೊತ್ತು ಅತ್ತಳು. ಆಮೇಲೆ ಮೂಗೊರೆಸಿಕೊಂಡು, "ಅತ್ತಿ, ಹಸಿವ್ಯಾಗ್ಯಾದ" ಎಂದಳು. ಮಾಳಮ್ಮ ಬುತ್ತಿಯ ಗಂಟು ಬಿಚ್ಚಿ ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿದಳು. ಸೊಸೆ ಅಗಿಯುವುದನ್ನು ನೋಡುತ್ತ ತಾನೂ ಬಾಯಿ ಆಡಿಸಿದಳು.

ಡೇರೆಯ ಮಾಲೀಕ ಜಗದೇವಪ್ಪ ಮಾತ್ರ ಚಪ್ಪಾಳೆಯ ನಡುವೆಯೇ ಜನರನ್ನು ತಳ್ಳುತ್ತ ಯಂತ್ರದತ್ತ ಧಾವಿಸಿದ. ಹಿಡಿಯನ್ನು ಹಿಂದಕ್ಕೆ ತಿರುವಿದರೆ ಫಿಲ್ಮು ಹರಿದುಹೋಗುತ್ತದೆಂದು ಎಷ್ಟು ಸಲ ಹೇಳಬೇಕು, ಯಾರದು ಈ ಕೆಲಸ ಎಂದು ಗದರಿದ. ಯಂತ್ರ ನಡೆಸುವ ನಬಿಸಾಬ್ ಬೆವರೊರೆಸಿಕೊಂಡ.

"ನಾ ಅಲ್ಲರೀ. ಬಾವ್ಯಾಗಿನ ಕೊಡ ಗಾಲಿ ಉಲ್ಟಾ ತಿರುಗಿದ್ರ ಮ್ಯಾಲ ಬರ್ತದಲ್ಲ, ಬಿಡು ಅಂತಂದು ಈ ಮುದುಕ ನನ್ನ ದೂಡೇಬಿಟ್ಟ."

ಪರದೆ ಖಾಲಿಯಾಗಿತ್ತು. ಆದರೂ ಒಬ್ಬ ಮುದುಕ ಎರಡೂ ಕೈಗಳಿಂದ ಹಿಡಿಯನ್ನು ಬಿಗಿಹಿಡಿದು, ಕಣ್ಣು ಕೀಳದೆ, ಹಡಗನ್ನು ಇನ್ನೂ ಮೇಲಕ್ಕೆಳೆಯುತ್ತಲೇ ಇದ್ದ.

ಕಾಶಿರಾಯ.