ನೀಲಿ ಬಾಗಿಲು

ಹೃಷೀಕೇಶ ಮತ್ತೆ ನಕ್ಕ. ಆ ನಗು ಕೇಳಿದರೆ ವಾಸಂತಿ ಕರ್ಣಿಕ್‌ಗೆ ಭಯವಾಗುತ್ತಿತ್ತು. ಕಳೆದ ವರ್ಷ ಅದೇ ನಗುವಿನ ಬೆನ್ನಿಗೆ ಅವನಾಡಿದ ಮಾತು ಕೇಳಿ ಒಬ್ಬ ಹುಡುಗಿ ತಾನು ಕಟ್ಟಿದ್ದ ಆಟವನ್ನೇ ಅಳಿಸಿ ಹಾಕಿದ್ದಳು. ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಪುಣೆಯ ಸದಾಶಿವ ಪೇಠೆಯಲ್ಲಿರುವ ವಾಸಂತಿಯ ಚಿತ್ರಕಲೆ ತರಗತಿ ಭಾನುವಾರ ಮಧ್ಯಾಹ್ನ ಬೇರೆಯೇ ಜಾಗ. ಒಬ್ಬೊಬ್ಬರೇ ಕೂತು ಪುಟ್ಟ ಪುಟ್ಟ, ವಿಚಿತ್ರವಾದ ಕಂಪ್ಯೂಟರ್ ಆಟಗಳನ್ನು ಕಟ್ಟುವವರು ಅಲ್ಲಿ ಸೇರುತ್ತಾರೆ. ವಾಸಂತಿ ಅವರೆಲ್ಲರಿಗೂ ಮಾವ್ಶಿ, ಚಿಕ್ಕಮ್ಮ. ಅವರದೊಂದು ಕಟ್ಟಳೆ. ಆಟಕ್ಕೆ ತಮ್ಮ ಹೆಸರು ಹಾಕುವಂತಿಲ್ಲ. ಕಟ್ಟಿದವರು ಗುಟ್ಟಾಗಿ ಅದನ್ನು ಅಲ್ಲಿನ ಕಂಪ್ಯೂಟರಿಗೆ ಹಾಕಿರಬೇಕು. ಒಬ್ಬರು ಆಡುತ್ತಾರೆ, ಉಳಿದವರು ನೋಡುತ್ತಾರೆ, ಅನಿಸಿದ್ದನ್ನು ಹೇಳುತ್ತಾರೆ. ಮಾತೆಲ್ಲ ಮುಗಿಯುವ ತನಕ ಇದು ನನ್ನದೆಂದು ಯಾರೂ ತೋರಿಸಿಕೊಳ್ಳಬಾರದು. ಕೊನೆಗೆ ಕಟ್ಟಿದವರು ಎದ್ದು ನಿಲ್ಲುತ್ತಾರೆ.

ಇವತ್ತು ಇದ್ದದ್ದು ಒಂದೇ ಆಟ. ಯಾರದೆಂದು ಊಹಿಸಲು ಜಾಣತನವೇನೂ ಬೇಕಿರಲಿಲ್ಲ. ಹೊಸಬಳೆಂದರೆ ಕೇತಕಿ. ಏನೋ ಒಂದು ತರುತ್ತೇನೆ, ಯಾರೂ ನಗದಿದ್ದರೆ ಸಾಕು ಎಂದು ಫೋನಿನಲ್ಲಿ ಹೇಳಿದ್ದಳು. ಈಗ ಕಿಟಕಿಯ ಪಕ್ಕ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಅದುಮಿಕೊಂಡು ಮುದುಡಿ ಕೂತಿದ್ದಳು. ತಟ್ಟೆಯಲ್ಲಿದ್ದ ಕಾಂದೆ ಪೋಹೆ, ಈರುಳ್ಳಿ ಅವಲಕ್ಕಿಯನ್ನು ಮುಟ್ಟಿರಲಿಲ್ಲ.

ಹೃಷೀಕೇಶನೂ ಮುಟ್ಟಿರಲಿಲ್ಲ. ಸದಾ ತಡವಾಗಿ ಬರುವವನು ಇವತ್ತು ಎಲ್ಲರಿಗಿಂತ ಮೊದಲೇ ಹಾಜರು. ವಾಸಂತಿ ಚಹಾಕ್ಕೆ ನೀರಿಟ್ಟು ಬರುವಷ್ಟರಲ್ಲಿ ಕಂಪ್ಯೂಟರಿನ ಮುಂದಿನ ಕುರ್ಚಿ ಹಿಡಿದು ಕೂತಿದ್ದ. ಆಡುವವನು ನಾನೇ ಎಂದಿದ್ದ. ತಪ್ಪು ಹುಡುಕುವುದರಲ್ಲಿ ಎತ್ತಿದ ಕೈ. ಅವನೇ ಕಟ್ಟಿದ ಆಟವನ್ನು ಮಾತ್ರ ಇಲ್ಲಿ ಯಾರೂ ಕಂಡವರಿಲ್ಲ. ಹೊಸ ಹುಡುಗಿಯ ಸುದ್ದಿ ಸಿಕ್ಕಿರಬೇಕು ಎಂದುಕೊಂಡಳು ವಾಸಂತಿ. ಇವತ್ತು ಇವನು ಮಿತಿ ಮೀರಿದರೆ ಇನ್ನು ಬರಬೇಡ ಎಂದು ಮುಖಕ್ಕೇ ಹೇಳಿಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಪರದೆಯ ಮೇಲೆ ಹಳೆಯ ವಾಡೆ ಮನೆಯೊಂದರ ಮೆಟ್ಟಿಲು. ಕೆಳಗಿನ ನಲ್ಲಿಯಲ್ಲಿ ಕೊಡ ತುಂಬಿಸಿ ಮೇಲಿರುವ ಅಜ್ಜಿಗೆ ಒಯ್ಯಬೇಕು. ಎಷ್ಟು ಮೆಲ್ಲಗೆ ನಡೆದರೂ ನೀರು ತುಳುಕುತ್ತದೆ. ಹೃಷೀಕೇಶ ಎಲ್ಲೂ ತಡವರಿಸದೆ ಹತ್ತಿದ. ನಡುವೆ ಸಿಕ್ಕ ನೀಲಿ ಬಾಗಿಲನ್ನು ತಿರುಗಿಯೂ ನೋಡದೆ ದಾಟಿದ. ಮೇಲೆ ತಲುಪುವಾಗ ಕೊಡದ ತಳದಲ್ಲಿ ಒಂದು ಗುಟುಕು ಉಳಿದಿತ್ತು. ಅಜ್ಜಿ ಕುಡಿದು, "ಸಾಕು ಕಂದಾ" ಎಂದಳು. ಅಷ್ಟೇ. ಮತ್ತೆ ಕೆಳಗಿನ ನಲ್ಲಿ.

"ಹತ್ತು, ಚೆಲ್ಲು, ಇಳಿ," ಎಂದ ಹೃಷೀಕೇಶ. "ಇದನ್ನ ಯಾರು ಆಡ್ತಾರೆ?"

ಅಲ್ಲಿಗೆ ನಿಲ್ಲಿಸಲಿಲ್ಲ. ಮೆಟ್ಟಿಲ ನೆರಳು ತಪ್ಪು ದಿಕ್ಕಿಗೆ ಬಿದ್ದಿದೆ ಎಂದ. ಕೊಡ ಎಣ್ಣೆ ಡಬ್ಬದ ಹಾಗಿದೆ ಎಂದ. ಕಟ್ಟಿದವರಿಗೆ ಆಟವೆಂದರೇನೆಂದೇ ಗೊತ್ತಿಲ್ಲ ಎಂದ.

"ಆ ನೀಲಿ ಬಾಗಿಲ ಹಿಂದೆ ಸಾಲಾಗಿ ತುಂಬಿದ ಕೊಡಗಳಿವೆ. ಅಜ್ಜಿಗೆ ನೀರೇ ಬೇಕಿಲ್ಲ, ಮೊಮ್ಮಗ ಮೇಲೆ ಬರ್ಲಿ ಅಂತ ಕರೀತಾಳೆ. ಅದು ಯಾರಿಗೆ ತಿಳೀಬೇಕು? ಇವತ್ತೇ ಅಳಿಸಿಬಿಡೋದು ವಾಸಿ."

ಕೇತಕಿಯ ಕಣ್ಣಿಂದ ನೀರು ಇಳಿಯಿತು. ವಾಸಂತಿಗೆ ಮೈಯೆಲ್ಲ ಉರಿದುಹೋಯಿತು.

"ಬಾಯಿ ಮುಚ್ಚು ಹೃಷೀ," ಎಂದಳು. "ನಮ್ಮಮ್ಮ ಹಾಸಿಗೆ ಹಿಡಿದಾಗ ನಾನು ಮಾಡಿದ್ದು ಸಾಲ್ಲಿಲ್ಲ ಅಂತ ಇವತ್ತಿಗೂ ಕೊರಗ್ತೀನಿ. ಆ ಅಜ್ಜಿ ಸಾಕು ಕಂದಾ ಅಂದಾಗ ನಂಗೇ ಅಂದ ಹಾಗಾಯ್ತು. ನಿನಗೆ ನೆರಳು ಮಾತ್ರ ಕಾಣುತ್ತೆ."

ಹಿಂದೆ ಕೂತವರಿಗೂ ಧೈರ್ಯ ಬಂತು. ತನಗೆ ಇನ್ನೊಮ್ಮೆ ಹತ್ತಬೇಕೆನಿಸಿತು ಎಂದನೊಬ್ಬ. ಆ ಬಾಗಿಲನ್ನು ತಾನು ತೆರೆದು ನೋಡಬೇಕು ಎಂದು ಮತ್ತೊಬ್ಬಳು ಮುಂದೆ ಬಂದಳು. ಹೃಷೀಕೇಶ ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಅದುಮಿಕೊಂಡು ಪರದೆಯನ್ನೇ ನೋಡುತ್ತಿದ್ದ. ಕಿವಿ ಕೆಂಪಾಗಿತ್ತು. ನಾಚಿಕೆಯಾಗಲಿ, ಆಗಬೇಕಾದದ್ದೇ ಎಂದುಕೊಂಡಳು ವಾಸಂತಿ.

"ಕಟ್ಟಿದವರು ಏಳಿ," ಎಂದಳು. "ಅವರ ಎದುರಿಗೇ ನೀನು ಕ್ಷಮೆ ಕೇಳ್ಬೇಕು ಹೃಷೀ. ಇಲ್ಲಾಂದ್ರೆ ಇನ್ನು ಈ ತರಗತಿಯ ಮೆಟ್ಟಿಲು ಹತ್ಬೇಡ."

ಎಲ್ಲರೂ ಕೇತಕಿಯತ್ತ ತಿರುಗಿದರು. ಅವಳು ಗಾಬರಿಯಿಂದ ತಲೆಯಾಡಿಸಿ ಮುಷ್ಟಿ ಬಿಚ್ಚಿದಳು.

"ನಂದು ಇನ್ನೂ ಇದರಲ್ಲೇ ಇದೆ ಮಾವ್ಶಿ. ಹಾಕೋಕೆ ಧೈರ್ಯ ಬರ್ಲಿಲ್ಲ."

ಮುಂದೆ ಕುರ್ಚಿ ಸರಿದ ಸದ್ದಾಯಿತು.

"ಹಾಗಾದ್ರೆ," ಎದ್ದು ನಿಂತ ಹೃಷೀಕೇಶ ನೆಲ ನೋಡುತ್ತಾ ಕೇಳಿದ, "ಅಳಿಸೋದು ಬೇಡ ಅಂತೀರಾ, ಮಾವ್ಶಿ?"