ರದ್ದಾಗದ ವಿಮಾನ

"ಇವರ ಬೆಲ್ಟು ಸಡಲ ಐತಿ ನೋಡವ್ವ. ಒಂದೀಟು ಬಿಗಿ ಮಾಡು," ಎಂದಳು ಶಿವಕುಮಾರಿ.

ನೀಲಿ ಸೀರೆಯ ಹುಡುಗಿ ನಗುತ್ತ ಬಂದು ಅಮರಗುಂಡಪ್ಪನ ಸೊಂಟದ ಪಟ್ಟಿಯನ್ನು ಎಳೆದು ಬಿಗಿದಳು. ಆತ ಕಣ್ಣು ಮುಚ್ಚಿಕೊಂಡಿದ್ದ. ಹಿರಿಯರೆಂದು ಕಿಟಕಿಯ ಸೀಟನ್ನೇ ಕೊಟ್ಟಿದ್ದರೂ ಹೊರಗೆ ಒಮ್ಮೆಯೂ ನೋಡಿರಲಿಲ್ಲ. ಮೂಗಿನ ತುದಿಯಿಂದ ಬೆವರು ಅಂಗಿಗೆ ತೊಟ್ಟಿಕ್ಕುತ್ತಿತ್ತು.

ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಶಿವಕುಮಾರಿ ಗಂಡನ ಅಣ್ಣನ ಪಕ್ಕ ಕೂತದ್ದು ಇದೇ ಮೊದಲು. ಈ ಸೀಟನ್ನು ಆಕೆ ಕೇಳಿ ಪಡೆದಿದ್ದಳು.

"ಹೆದರಬ್ಯಾಡ್ರೀ ಭಾವಾರ. ಇದು ಬೀಳೂದಿಲ್ಲ. ಬೇಕಾದ್ರ ಬರದು ಕೊಡ್ತೀನಿ."

"ನನಗೆಲ್ಲಿ ಹೆದರಿಕಿ?" ಎಂದ ಆತ. ಹಲ್ಲು ಕಚ್ಚಿದ್ದರಿಂದ ಮಾತು ಅರ್ಧ ನುಂಗಿ ಹೋಯಿತು.

ನಾಲ್ಕು ವರ್ಷದ ಹಿಂದೆ ಆಕೆಯ ಗಂಡ ಸಂಗನಬಸವ ಅಕ್ಕಿ ಗಿರಣಿಗೆ ಯಂತ್ರ ನೋಡಲೆಂದು ದೆಹಲಿಗೆ ಹೋಗಿದ್ದ. ಅಲ್ಲಿ ಎದೆನೋವು ಬಂದು ಆಸ್ಪತ್ರೆ ಸೇರಿದ. ಶಿವಕುಮಾರಿಯ ಕಾಲು ಮುರಿದು ಪ್ಲಾಸ್ಟರಿನಲ್ಲಿತ್ತು. ಮಗಳು ಅಮರೇಶ್ವರಿ ಇನ್ನೂ ಕಾಲೇಜಿನ ಹುಡುಗಿ. "ನೀ ಅಳಬ್ಯಾಡ ಯವ್ವಾ, ನಾ ಹೋಗ್ತೀನಿ," ಎಂದು ಅಮರಗುಂಡಪ್ಪ ಕಾರು ಮಾಡಿಕೊಂಡು ಹೈದರಾಬಾದಿಗೆ ಹೊರಟ. ಮಧ್ಯಾಹ್ನ ಅವನಿಂದ ಫೋನು ಬಂತು. "ವಿಮಾನ ರದ್ದಾಗೈತಿ. ರೈಲಿಗೆ ಹೊಂಟೀನಿ."

ಸಂಗನಬಸವ ಮರುದಿನ ಬೆಳಗಿನವರೆಗೂ ಬದುಕಿದ್ದ. "ಅಣ್ಣ ಎಲ್ಲಿತನ ಬಂದಾನ?" ಎಂಬುದು ಫೋನಿನಲ್ಲಿ ಅವನು ಹೆಂಡತಿಯನ್ನು ಕೇಳಿದ ಕೊನೆಯ ಮಾತು. ಅಣ್ಣನ ರೈಲು ಆಗ ನಾಗಪುರವನ್ನಷ್ಟೇ ದಾಟಿತ್ತು.

ಸಾವಿಗೆ ಬಂದವರ ಎದುರು ಅಮರಗುಂಡಪ್ಪ ಇನ್ನೊಂದು ಮಾತು ಸೇರಿಸಿದ. "ಈಕಿ ನನಗ ತಡಾ ಮಾಡಿ ಹೇಳಿದ್ಲು. ಮೊದಲ ಹೇಳಿದ್ರ ಮುಂಜಾನಿ ವಿಮಾನ ಸಿಗತಿತ್ತು." ಆ ಮಾತು ಮಸ್ಕಿಯ ಓಣಿ ದಾಟಿ ಲಿಂಗಸುಗೂರಿನ ಆಕೆಯ ತವರನ್ನೂ ಮುಟ್ಟಿತು. ಅತ್ತೆ ಪಂಪಮ್ಮ ಅಂದಿನಿಂದ ಕಿರಿಯ ಸೊಸೆಯ ಕೈಯಿಂದ ಒಂದು ಲೋಟ ನೀರನ್ನೂ ಇಸಿದುಕೊಂಡಿರಲಿಲ್ಲ.

ಆರು ತಿಂಗಳು ಕಳೆದ ಮೇಲೆ ಅಂದಿನ ಕಾರಿನ ಚಾಲಕ ಚಾಂದ್‌ಪಾಷಾ ಆಕೆಯ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತಿದ್ದ.

"ವಿಮಾನ ಹೋತ್ರೀ ಅಕ್ಕಾರ. ನಾ ಗಾಡ್ಯಾಗ ಮಲಗಿದ್ದೆ. ಎರಡು ತಾಸಿಗೆ ಸಾಹುಕಾರ್ರು ಬಂದು ಎಬ್ಬಿಸಿದ್ರು. ಅಂಗಿ ಪೂರಾ ತೊಯ್ದಿತ್ತು. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದ್ರು."

ಶಿವಕುಮಾರಿಯೂ ಬಾಯಿ ಬಿಡಲಿಲ್ಲ. ಚಾಲಕನ ಮಾತನ್ನು ಯಾರು ನಂಬುತ್ತಾರೆ? ಅದು ಭಾವನ ಬಾಯಿಂದಲೇ ಬರಬೇಕು, ಎಲ್ಲರ ಕಿವಿಗೂ ಬೀಳಬೇಕು. ಆಕೆ ಕಾದಳು.

ಈ ವರ್ಷ ಅಮರೇಶ್ವರಿಗೆ ಬ್ಯಾಂಕಿನಲ್ಲಿ ನೌಕರಿಯಾಯಿತು. "ಮನಿಮಂದಿನೆಲ್ಲಾ ವಿಮಾನ ಹತ್ತಸ್ತೀನಿ, ಖರ್ಚು ನಂದು," ಎಂದು ಶಿವಕುಮಾರಿ ಸಾರಿದಳು. ಅಮರಗುಂಡಪ್ಪ ಮೊಣಕಾಲಿನ ನೋವು ಹೇಳಿದ. ಆಕೆ ಅವನ ಮನೆಗೇ ಹೋಗಿ, ಹತ್ತು ಜನರ ಮುಂದೆ ಕೈಮುಗಿದಳು. "ಹಿರಿಯರು ನೀವ ಬರಲಿಲ್ಲಂದ್ರ ಹೆಂಗ್ರೀ? ಹೆದರ್ಯಾರ ಅಂತಾರ ಮಂದಿ."

ಬಂದ. ತಿಂಡಿ ಮುಗಿಸಿ ಮಸ್ಕಿಯಿಂದ ಎರಡು ಕ್ರೂಸರ್‌ಗಳಲ್ಲಿ ಹೊರಟ ಇಪ್ಪತ್ತೆರಡು ಜನ ಊಟದ ಹೊತ್ತಿಗಿಂತ ಮುಂಚೆಯೇ ಸೀಟು ಹಿಡಿದಿದ್ದರು. ಪಂಪಮ್ಮ ಎಲ್ಲರಿಗಿಂತ ಮುಂದೆ ಕೂತಿದ್ದಳು.

ಗುಂಯ್ ಎಂದು ಸದ್ದೆದ್ದಿತು. ಕಾಲ ಕೆಳಗೆ ಸಣ್ಣ ನಡುಕ. ಹಿಂದಿನ ಸಾಲಿನ ಹೆಣ್ಣುಮಕ್ಕಳು ಹೋ ಎಂದು ಕಿರುಚಿ ನಕ್ಕರು. ಸದ್ದು ಏರುತ್ತಾ ಹೋದಂತೆ ಅಮರಗುಂಡಪ್ಪನ ಬೆರಳುಗಳು ಸೀಟಿನ ಕೈಯನ್ನು ಅವುಚಿ ಹಿಡಿದು ಬಿಳಿಚಿಕೊಂಡವು.

"ನಿಲ್ಲಸ್ರಿ," ಎಂದ. "ನಾ ಇಳೀತೀನಿ. ಇಳಸ್ರಿ ನನ್ನ!"

"ಅವತ್ತೂ ಹಿಂಗ ಇಳದ್ರೇನ್ರೀ?"

ಆತ ಕಣ್ಣು ತೆರೆದ. ಪಕ್ಕದಲ್ಲಿದ್ದವಳ ಮುಖದಲ್ಲಿ ನಗುವಿರಲಿಲ್ಲ.

ಶಿವಕುಮಾರಿ ಕೈ ಎತ್ತಿದಳು. ಸದ್ದು ತಗ್ಗಿತು.

"ಅವತ್ತು ವಿಮಾನ ರದ್ದಾಗಿತ್ತೇನು, ಭಾವಾರ?"

ಹೆಂಗಸರ ನಗು ನಿಂತಿತು. ತಲೆಗಳು ಒಂದೊಂದಾಗಿ ತಿರುಗಿದವು. ಅಮರಗುಂಡಪ್ಪ ಉಸಿರಿಗಾಗಿ ಬಾಯಿ ತೆರೆದ. ಉಸಿರಿನ ಜೊತೆ ಮಾತೂ ಹೊರಬಿತ್ತು.

"ಇಲ್ಲ ಯವ್ವಾ... ರದ್ದಾಗಿರಲಿಲ್ಲ. ವಿಮಾನದ ಬಾಗಲತನ ಹೋಗಿದ್ದೆ. ಕಾಲು ಎತ್ತಾಕ ಆಗಲಿಲ್ಲ. ಹಿಂದಿನವ್ರು ದಬ್ಬಾಕತ್ತಿದ್ರು. ತಿರುಗಿ ಬಂದುಬಿಟ್ಟೆ. ತಮ್ಮ ಸಾಯ್ತಾನಂತ ಯಾರಿಗೆ ಗೊತ್ತಿತ್ತು?"

"ಮತ್ತ ತಡಾ ಮಾಡಿದ್ದು ಯಾರು?"

"...ನಾನು."

"ಜೋರಾಗಿ ಹೇಳ್ರಿ. ಅತ್ತಿಯವ್ರ ಕಿವಿ ಮಂದ ಅದಾವ."

"ನಾನ ತಡಾ ಮಾಡೀನಿ ಅವ್ವಾ!" ಎಂದು ಆತ ಚೀರಿದ. "ಆಕಿ ಹೇಳಿದ್ದು ಹೊತ್ತಿಗೆ ಸರಿಯಾಗೇ ಇತ್ತು. ನಾನ!"

ಪಂಪಮ್ಮ ಮೆಲ್ಲಗೆ ಹಿಂದಕ್ಕೆ ತಿರುಗಿದಳು. ಬಹಳ ಹೊತ್ತು ಹಿರಿಮಗನನ್ನು ನೋಡಿದಳು. ಆಮೇಲೆ ಕಿರಿಯ ಸೊಸೆಯನ್ನು ನೋಡಿದಳು. "ಯವ್ವಾ ಶಿವಕುಮಾರಿ," ಎಂದಳು ಒಡೆದ ದನಿಯಲ್ಲಿ, "ನೀರು ಕೊಡಬೇ."

ಅಮರಗುಂಡಪ್ಪ ಬೆಲ್ಟು ಕಿತ್ತುಕೊಂಡು ಎದ್ದ. ಸೀಟುಗಳನ್ನು ತಡವುತ್ತ ಬಾಗಿಲ ಕಡೆ ನಡೆದ. ಯಾರೂ ತಡೆಯಲಿಲ್ಲ, ನೀಲಿ ಸೀರೆಯ ಹುಡುಗಿಯೂ ಪಕ್ಕಕ್ಕೆ ಸರಿದಳು. ಆತ ಬಾಗಿಲು ದೂಡಿ ಹೊರಗೆ ಕಾಲಿಟ್ಟ.

ಹೊರಗೆ ಆತನೇ ಏರಿ ಬಂದಿದ್ದ ಹತ್ತು ಮೆಟ್ಟಿಲು, ಅವುಗಳ ಕೆಳಗೆ ಸಿಂಧನೂರಿನ ರಸ್ತೆ. ಗುಜರಿಗೆ ಬಂದಿದ್ದ ಆ ವಿಮಾನವನ್ನು ಅಲ್ಲಿನ ಸಾಹುಕಾರನೊಬ್ಬ ಸಿಮೆಂಟು ಕಂಬಗಳ ಮೇಲೆ ಕೂರಿಸಿ, ಗಿರಾಕಿಗಳ ಮೋಜಿಗೆ ಸದ್ದು-ನಡುಕದ ಯಂತ್ರ ಜೋಡಿಸಿ ಹೋಟೆಲು ಮಾಡಿ ವರ್ಷವಾಗಿತ್ತು. ಅದು ಇದ್ದಲ್ಲಿಂದ ಒಂದು ಗೇಣೂ ಮೇಲೇರಿರಲಿಲ್ಲ.